ಸೇಬಿನ ಸಿಪ್ಪೆಯ ವಿನೆಗರ್ ಮೇಲೆ ಬಿಳಿ ಪದರ ಬಂದಿದೆ. ಮದರಾ, ಬೂಷ್ಟಾ? ಮನೆಯಲ್ಲಿ ಯಾವುದಕ್ಕೆಲ್ಲ ಬಳಸಬಹುದು?

ಸಿಪ್ಪೆಬುಟ್ಟಿ, ಮೈಸೂರು
ಎಲ್ಲರಿಗೂ ನಮಸ್ಕಾರ. ಸೀಸನ್‌ನಲ್ಲಿ ಶಿಮ್ಲಾ ಸೇಬು ಅಗ್ಗವಾಗಿ ಸಿಕ್ಕಿತು ಅಂತ ಒಂದು ಬಾಕ್ಸ್ ತಂದಿದ್ದೆವು. ಜಾಮ್ ಮಾಡಿದ ಮೇಲೆ ಸಿಪ್ಪೆ, ನಡುವಿನ ದಿಂಡು ರಾಶಿ ಉಳಿಯಿತು. ಬಿಸಾಡಲು ಮನಸ್ಸು ಬರಲಿಲ್ಲ. ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ಸಿಪ್ಪೆ ತುಂಬಿ, ಮುಳುಗುವಷ್ಟು ನೀರು ಹಾಕಿ, ಲೀಟರಿಗೆ ಎರಡು ದೊಡ್ಡ ಚಮಚ ಸಕ್ಕರೆ ಕರಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟೆ. ಮೊದಲು ಚೆನ್ನಾಗಿ ಗುಳ್ಳೆ ಬಂತು, ಸ್ವಲ್ಪ ಹೆಂಡದ ವಾಸನೆಯೂ ಇತ್ತು. ಗುಳ್ಳೆ ನಿಂತ ಮೇಲೆ ಸೋಸಿ ಮತ್ತೆ ಇಟ್ಟೆ. ಈಗ ಮೂಗಿಗೆ ಹೊಡೆಯುವ ಹುಳಿ ವಾಸನೆ ಇದೆ. ಆದರೆ ಮೇಲೆ ಬಿಳಿ ಪದರ ಕಟ್ಟಿದೆ.

ಇದು ಎಲ್ಲರೂ ಹೇಳುವ ಮದರಾ (ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳು ಕಟ್ಟುವ ಪದರ), ಅಥವಾ ಕೆಟ್ಟಿದೆಯಾ? ಸರಿಯಾಗಿದ್ದರೆ ಇದನ್ನು ನಿಂಬೆ ಉಪ್ಪಿನಕಾಯಿಗೆ ಹಾಕಬಹುದಾ? ನಮ್ಮ ಅತ್ತೆಯವರಿಗೆ ಶುಗರ್ ಇದೆ, ಬೆಳಿಗ್ಗೆ ಕುಡಿಯುತ್ತೇನೆ ಅನ್ನುತ್ತಿದ್ದಾರೆ. ನೆಲ ಒರೆಸಲು ಆಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹುಳಿಪ್ರಿಯ
ಫೋಟೋ ಹಾಕಿ ಮೇಡಂ.

ಮಲೆನಾಡ ಭರಣಿ
ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ಕಣ್ಣಲ್ಲೇ ಗುರುತು ಹಿಡಿಯಬಹುದು. ಮದರ್ ಅಂದರೆ ನೀರ್ದೋಸೆ ತರಹ ಒಂದೇ ತುಂಡಾಗಿ, ಲೋಳೆಯಾಗಿ, ಸ್ವಲ್ಪ ಪಾರದರ್ಶಕವಾಗಿ ಇರುತ್ತದೆ. ಚಮಚದಲ್ಲಿ ಎತ್ತಿದರೆ ಹರಿಯದೆ ಜಾರುತ್ತದೆ. ಪುಡಿಪುಡಿಯಾಗಿ, ಸುಕ್ಕುಸುಕ್ಕಾಗಿ, ಮುಟ್ಟಿದರೆ ಚೂರಾಗಿ ಚದುರುವ ಒಣ ಬಿಳಿ ಪದರವಾದರೆ ಅದು ಕಾಮ್ ಯೀಸ್ಟ್. ವಿಷವಲ್ಲ, ಆದರೆ ರುಚಿ ಕೆಡಿಸುತ್ತದೆ. ಅದನ್ನು ತೆಗೆದು ಮುಂದುವರಿಸಬಹುದು.

ಕೂದಲು ಬಂದ ಹಾಗೆ, ಹಸಿರು, ಕಪ್ಪು, ನೀಲಿ ಬಣ್ಣ ಕಂಡರೆ ಮಾತ್ರ ಬೂಷ್ಟು. ಆಗ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳಲು ಹೋಗಬೇಡಿ. ಪೂರ್ತಿ ಚೆಲ್ಲಿ, ಜಾಡಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ.

ಸಿಪ್ಪೆಬುಟ್ಟಿ, ಮೈಸೂರು
ಲೋಳೆಯಾಗಿಯೇ ಇದೆ, ಒಂದೇ ತುಂಡು. ಬಣ್ಣ ಏನೂ ಇಲ್ಲ. ಸಮಾಧಾನ ಆಯ್ತು ಅಕ್ಕಾ.

ಹುಳಿಪ್ರಿಯ
ನೀವು ಬಟ್ಟೆ ಕಟ್ಟಿದ್ದು ತಪ್ಪು. ಮುಚ್ಚಳ ಬಿಗಿಯಾಗಿ ಹಾಕಬೇಕು. ಗಾಳಿ ಹೋದರೆ ಕೆಡುತ್ತದೆ, ಉಪ್ಪಿನಕಾಯಿಗೂ ಹಾಗೇ ತಾನೇ ಮಾಡುವುದು?

ಕೆಮಿಸ್ಟ್ರಿ ಮೇಷ್ಟ್ರು
ಅಲ್ಲ ಸರ್. ಇಲ್ಲಿ ಎರಡು ಕೆಲಸ ಒಂದರ ಹಿಂದೆ ಒಂದು ನಡೆಯುತ್ತದೆ. ಮೊದಲು ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಅದಕ್ಕೆ ಗಾಳಿ ಬೇಕಿಲ್ಲ, ಆದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಲು ದಾರಿ ಬೇಕು. ಬಿಗಿ ಮುಚ್ಚಳ ಹಾಕಿದರೆ ಗಾಜಿನ ಜಾಡಿ ಒಡೆದೇ ಹೋಗಬಹುದು. ಆಮೇಲೆ ಅಸಿಟೋಬ್ಯಾಕ್ಟರ್ ಗುಂಪಿನ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಇವಕ್ಕೆ ಆಮ್ಲಜನಕ ಬೇಕೇ ಬೇಕು, ಅದಕ್ಕೇ ಅವು ಮೇಲ್ಭಾಗದಲ್ಲಿ ಪದರ ಕಟ್ಟಿಕೊಂಡು ಕೂರುವುದು. ಆ ಪದರ ಅವು ನೇಯ್ದ ಸೆಲ್ಯುಲೋಸ್.

ಹಾಗಾಗಿ ಎರಡನೇ ಹಂತದಲ್ಲಿ ಬಟ್ಟೆಯೇ ಸರಿ. ಅಗಲ ಬಾಯಿಯ ಪಾತ್ರೆ ಇದ್ದರೆ ಕೆಲಸ ಬೇಗ ಆಗುತ್ತದೆ. 25ರಿಂದ 30 ಡಿಗ್ರಿ ಉಷ್ಣತೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ನಮ್ಮ ಅಡುಗೆಮನೆಯ ಮೂಲೆ ಸಾಕು. ಬಿಸಿಲಲ್ಲಿ ಇಡಬೇಡಿ. ಸ್ಟೀಲ್ ಡಬ್ಬ, ಅಲ್ಯುಮಿನಿಯಂ, ಹಿತ್ತಾಳೆ ಯಾವುದೂ ಬೇಡ. ಗಾಜು ಅಥವಾ ಪಿಂಗಾಣಿ ಭರಣಿ ಮಾತ್ರ.

ಬೋರ್‌ವೆಲ್ ಬವಣೆ, ಬೆಂಗಳೂರು
ನಲ್ಲಿ ನೀರು ಹಾಕಿದರೆ ನನಗೆ ಯಾವತ್ತೂ ಗುಳ್ಳೆ ಸರಿಯಾಗಿ ಬರುವುದಿಲ್ಲ. ಊರಿನ ಬಾವಿ ನೀರಲ್ಲಿ ಬರುತ್ತದೆ. ಏಕೆ?

ಮಲೆನಾಡ ಭರಣಿ
ಕ್ಲೋರಿನ್ ಇರಬಹುದು. ನೀರನ್ನು ಕುದಿಸಿ, ಪೂರ್ತಿ ಆರಿಸಿ ಹಾಕಿ. ಇನ್ನೊಂದು ಕಾರಣ, ಅಂಗಡಿಯ ಹೊಳಪಿನ ಸೇಬಿಗೆ ಮೇಣ ಹಚ್ಚಿರುತ್ತಾರೆ, ತೊಳೆದು ತೊಳೆದು ಸಿಪ್ಪೆಯ ಮೇಲಿನ ಸಹಜ ಯೀಸ್ಟ್ ಉಳಿದೇ ಇರುವುದಿಲ್ಲ. ಬ್ರೆಡ್ ಯೀಸ್ಟ್ ಒಂದು ಚಿಟಿಕೆ ಹಾಕಿದರೆ ಸಾಕು. ಮೊದಲ ವಾರ ದಿನಾ ಎರಡು ಸಲ ಕದಡಿ. ತೇಲುವ ಸಿಪ್ಪೆ ಒಣಗಿದರೆ ಬೂಷ್ಟು ಬರುವುದು ಅಲ್ಲೇ.

ಮಿಶಿಗನ್ ಮಾವಳ್ಳಿ
ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಸೇಬಿನ ತೋಟಗಳಲ್ಲೇ ಹಿಂಡಿದ ರಸ ಮಾರುತ್ತಾರೆ, ಕಂದು ಬಣ್ಣ, ಸೋಸಿರುವುದಿಲ್ಲ. ಅದನ್ನೇ ಇವರು ಸೈಡರ್ ಅನ್ನುವುದು. ನಾನು ಸಿಪ್ಪೆಯ ಗೋಜಿಗೆ ಹೋಗುವುದಿಲ್ಲ, ಆ ರಸಕ್ಕೇ ಯೀಸ್ಟ್ ಹಾಕುತ್ತೇನೆ. ಹುದುಗು ನಿಂತ ಮೇಲೆ ಹಳೆಯ ವಿನೆಗರನ್ನು ಮದರ್ ಸಮೇತ ಐದರಲ್ಲಿ ಒಂದು ಪಾಲು ಸೇರಿಸುತ್ತೇನೆ.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಕ್ಯಾನಿನ ಮೇಲೆ ಪೊಟ್ಯಾಸಿಯಂ ಸಾರ್ಬೇಟ್ ಅಂತ ಬರೆದಿದ್ದರೆ ಕೊಳ್ಳಬೇಡಿ. ಅದು ಯೀಸ್ಟ್ ಬೆಳೆಯದಂತೆ ತಡೆಯಲೆಂದೇ ಹಾಕಿದ್ದು, ಎಷ್ಟು ಕಾದರೂ ಹುದುಗುವುದಿಲ್ಲ. ಯುವಿ ಬೆಳಕಿನಲ್ಲಿ ಹಾಯಿಸಿದ್ದು ಅಥವಾ ಪಾಶ್ಚರೀಕರಿಸಿದ್ದು ಆದರೆ ತೊಂದರೆ ಇಲ್ಲ, ಯೀಸ್ಟ್ ನೀವು ಹಾಕಿದರಾಯ್ತು.

ಹುಳಿಪ್ರಿಯ
ರಸದಲ್ಲೇ ಮಾಡಬೇಕು ಅಂದರೆ ಇಲ್ಲಿ ಕೆಜಿ ಸೇಬಿನ ಬೆಲೆ ಗೊತ್ತಾ ಸರ್? ಅಂಗಡಿಯ ಬಾಟಲಿಯೇ ಅಗ್ಗ. ಸಿಪ್ಪೆಯಿಂದ ಮಾಡಿದರೂ ಅದೇ ವಿನೆಗರ್ ತಾನೇ?

ಕೆಮಿಸ್ಟ್ರಿ ಮೇಷ್ಟ್ರು
ಅದೇ ಅಲ್ಲ. ಇಡೀ ವಿಷಯ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಷ್ಟು ಸಕ್ಕರೆಯೋ ಅಷ್ಟು ಹುಳಿ. ಒಂದು ಲೀಟರಿನಲ್ಲಿ 100 ಗ್ರಾಂ ಸಕ್ಕರೆ ಇದ್ದರೆ ಸುಮಾರು 50 ಗ್ರಾಂ ಆಲ್ಕೋಹಾಲ್ ಸಿಗುತ್ತದೆ. ಲೆಕ್ಕದ ಪ್ರಕಾರ ಅದರಿಂದ 65 ಗ್ರಾಂ ಅಸಿಟಿಕ್ ಆಮ್ಲ ಬರಬೇಕು. ಆದರೆ ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಸೂಕ್ಷ್ಮಜೀವಿಗಳೇ ತಿನ್ನುತ್ತವೆ. ಮನೆಯಲ್ಲಿ 45–50 ಗ್ರಾಂ ಸಿಕ್ಕರೆ ಅದೇ ಹೆಚ್ಚು. ಅಂದರೆ ಶೇ. 5ರ ಹತ್ತಿರ. ಸೇಬಿನ ಶುದ್ಧ ರಸದಲ್ಲಿ ಸಕ್ಕರೆ ಲೀಟರಿಗೆ 100 ಗ್ರಾಂನಿಂದ ಮೇಲೆಯೇ ಇರುತ್ತದೆ, ಹಾಗಾಗಿ ಮಿಶಿಗನ್ ಸರ್ ಮಾಡುವುದು ಗಟ್ಟಿ ವಿನೆಗರ್.

ಈಗ ಸಿಪ್ಪೆಬುಟ್ಟಿ ಮೇಡಂ ಹಾಕಿದ್ದು ನೋಡಿ. ಎರಡು ದೊಡ್ಡ ಚಮಚ ಅಂದರೆ 25–30 ಗ್ರಾಂ. ಸಿಪ್ಪೆಯಿಂದ ಇಳಿದದ್ದು ಇನ್ನೊಂದಿಷ್ಟು. ಕೊನೆಗೆ ಶೇ. 2ರ ಆಸುಪಾಸಿನ ಆಮ್ಲ ಇರಬಹುದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ ಹುದುಗಿಸಿದ ವಿನೆಗರ್ ಅಂತ ಮಾರಲು ಕನಿಷ್ಠ ಶೇ. 3.75 ಇರಬೇಕು.

ನಾಲಿಗೆಗೆ ಹುಳಿ ಅನ್ನಿಸಿತು ಅಂತ ನಂಬಬೇಡಿ. ಹುಳಿಗೆ ಬಣ್ಣ ಬದಲಿಸುವ ಪಿಎಚ್ ಕಾಗದದ ಪಟ್ಟಿಯನ್ನೂ ನಂಬಬೇಡಿ. ಶೇ. 2ರ ಆಮ್ಲಕ್ಕೆ ಪಿಎಚ್ ಸುಮಾರು 2.6, ಶೇ. 5ಕ್ಕೆ 2.4. ಪಟ್ಟಿಯ ಬಣ್ಣದಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಬೋರ್‌ವೆಲ್ ಬವಣೆ, ಬೆಂಗಳೂರು
ಮತ್ತೆ ಅಳೆಯುವುದು ಹೇಗೆ?

ಕೆಮಿಸ್ಟ್ರಿ ಮೇಷ್ಟ್ರು
ಟೈಟ್ರೇಶನ್. ಪಿಯುಸಿ ಸೈನ್ಸ್ ಓದಿದವರಿಗೆ ನೆನಪಿರುತ್ತದೆ. 6 ಮಿ.ಲೀ. ವಿನೆಗರ್ ತೆಗೆದುಕೊಂಡು ನೀರು ಸೇರಿಸಿ, ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, 1 ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಬಿಡುತ್ತಾ ಹೋಗಿ. ತಿಳಿ ಗುಲಾಬಿ ಬಣ್ಣ ನಿಂತಾಗ ಎಷ್ಟು ಮಿ.ಲೀ. ಖರ್ಚಾಗಿದೆಯೋ ಅಷ್ಟೇ ಶೇಕಡಾ ಆಮ್ಲ. 6 ಮಿ.ಲೀ. ಅಂತ ಹೇಳಿದ್ದು ಅದಕ್ಕೇ, ಲೆಕ್ಕ ನೇರವಾಗಿ ಸಿಗುತ್ತದೆ. ಆದರೆ ಆ ಕ್ಷಾರ ಚರ್ಮ, ಕಣ್ಣು ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಬೇಡ. ಪರಿಚಯದ ಕಾಲೇಜು ಲ್ಯಾಬ್ ಇದ್ದರೆ ಒಂದು ಸಣ್ಣ ಬಾಟಲಿ ಕೊಟ್ಟು ಕೇಳಿ.

ಸಿಪ್ಪೆಬುಟ್ಟಿ, ಮೈಸೂರು
ಹಾಗಾದರೆ ಉಪ್ಪಿನಕಾಯಿಗೆ ಬೇಡ ಅಂತೀರಾ?

ಕೆಮಿಸ್ಟ್ರಿ ಮೇಷ್ಟ್ರು
ನಮ್ಮ ನಿಂಬೆ, ಮಾವಿನ ಉಪ್ಪಿನಕಾಯಿ ಕೆಡದೆ ನಿಲ್ಲುವುದು ಉಪ್ಪು ಮತ್ತು ಹಣ್ಣಿನದೇ ಹುಳಿಯಿಂದ, ಅದಕ್ಕೆ ವಿನೆಗರೇ ಬೇಕಿಲ್ಲ. ಆದರೆ ಬೆಳ್ಳುಳ್ಳಿ, ಕ್ಯಾರೆಟ್, ಹಸಿಮೆಣಸು, ಈರುಳ್ಳಿಯನ್ನು ವಿನೆಗರ್‌ನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುವುದಾದರೆ ಅಳೆದ ಶೇ. 5ರದೇ ಬೇಕು. ಆಮ್ಲ ಸಾಲದಿದ್ದರೆ ಬೊಟುಲಿಸಂ ಅನ್ನುವ ಪ್ರಾಣಾಪಾಯದ ವಿಷಾಹಾರ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಬೆಳ್ಳುಳ್ಳಿಯಲ್ಲಂತೂ ಹುಷಾರು. ಮನೆಯ ಸಿಪ್ಪೆ ವಿನೆಗರನ್ನು ಸಲಾಡಿಗೆ, ಚಟ್ನಿಗೆ, ಆ ದಿನದ ಅಡುಗೆಗೆ ಧಾರಾಳವಾಗಿ ಬಳಸಿ.

ಕಾಫಿತೋಟ, ಕೊಡಗು
ನಮ್ಮ ಕಾಚಂಪುಳಿಯ ಮುಂದೆ ಇದೆಲ್ಲ ಏನು? ಕೂರ್ಗ್ ವಿನೆಗರ್ ಅಂತಲೇ ಮಾರುತ್ತಾರೆ, ವರ್ಷಗಟ್ಟಲೆ ಕೆಡುವುದಿಲ್ಲ. ಸ್ವಲ್ಪವೇ ಸಾಕು, ಇಡೀ ಪಾತ್ರೆ ಪಂದಿಕರಿಗೆ ಹುಳಿ ಬರುತ್ತದೆ.

ಮಲೆನಾಡ ಭರಣಿ
ಕಾಚಂಪುಳಿ ರುಚಿಗೆ ನನ್ನದೂ ಒಪ್ಪಿಗೆ. ಆದರೆ ಅದು ಬೇರೆಯದೇ ಪದಾರ್ಥ ಅಲ್ವಾ? ಪಂಪುಳಿ ಹಣ್ಣನ್ನು ರಾಶಿ ಹಾಕಿ, ಸೋರಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ನಮ್ಮ ಕಡೆಯ ಉಪ್ಪಾಗೆಯ ಜಾತಿಯದೇ ಹಣ್ಣು ಅದು. ಅದರ ಹುಳಿ ಹಣ್ಣಿನದೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಕುದಿಸಿದರೂ ಹಾರಿಹೋಗುವುದಿಲ್ಲ. ವಿನೆಗರ್ ಕುದಿಸಿ ನೋಡಿ, ಮನೆಯೆಲ್ಲ ಘಾಟು.

ಕಾಫಿತೋಟ, ಕೊಡಗು
ಸರಿ, ಒಪ್ಪುತ್ತೇನೆ. ಆದರೆ ಪಂದಿಕರಿಗೆ ಸೇಬಿನ ವಿನೆಗರ್ ಹಾಕುವವರನ್ನು ಮಾತ್ರ ಒಪ್ಪುವುದಿಲ್ಲ.

ಕುಡ್ಲದ ಕುಚ್ಚಿಲಕ್ಕಿ
ನಮ್ಮಲ್ಲಿ ಕ್ರಿಶ್ಚಿಯನ್ನರ ಮನೆಗಳಲ್ಲಿ ಹಂದಿಮಾಂಸದ ಅಡುಗೆಗೆ ಶೇಂದಿಯ ವಿನೆಗರ್ ಹಾಕುತ್ತಾರೆ. ಅದು ನಿಜವಾದ ವಿನೆಗರ್. ಶೇಂದಿ ತಾನಾಗಿಯೇ ಹುಳಿಯುತ್ತದೆ, ಸಕ್ಕರೆಯೂ ಬೇಡ, ಯೀಸ್ಟೂ ಬೇಡ.

ಬೆಳಗಿನ ಲೋಟ
ಸಿಪ್ಪೆಬುಟ್ಟಿ ಮೇಡಂ, ಅತ್ತೆಯವರಿಗೆ ಖಂಡಿತ ಕೊಡಿ. ನಾನು ವರ್ಷಗಳಿಂದ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಿದ್ದೇನೆ. ಮೈ ಹಗುರ ಅನ್ನಿಸುತ್ತದೆ, ತೂಕವೂ ಇಳಿದಿದೆ. ಇದರ ಬಗ್ಗೆ ವಿದೇಶದಲ್ಲಿ ಅಧ್ಯಯನವೇ ಆಗಿದೆ.

ಹಲ್ಲಿನ ಡಾಕ್ಟ್ರು, ದಾವಣಗೆರೆ
ನಿಮ್ಮ ಅನುಭವದ ಬಗ್ಗೆ ತಕರಾರಿಲ್ಲ ಸರ್. ಆದರೆ ನೀವು ಹೇಳುತ್ತಿರುವುದು 2024ರ ಲೆಬನಾನ್ ಅಧ್ಯಯನ ಆಗಿದ್ದರೆ, ಅದನ್ನು ಪ್ರಕಟಿಸಿದ ಬ್ರಿಟನ್ನಿನ ಬಿಎಂಜೆ ಸಮೂಹದ ವೈದ್ಯಕೀಯ ಪತ್ರಿಕೆಯೇ 2025ರಲ್ಲಿ ಹಿಂತೆಗೆದುಕೊಂಡಿದೆ. 12 ವಾರ ಕುಡಿದರೆ ತೂಕ ಚೆನ್ನಾಗಿ ಇಳಿಯುತ್ತದೆ ಅಂತ ಅದರಲ್ಲಿತ್ತು. ತಜ್ಞರು ಅಂಕಿಅಂಶ ಮತ್ತೆ ಪರಿಶೀಲಿಸಿದಾಗ ಅದೇ ಫಲಿತಾಂಶ ಬರಲಿಲ್ಲ, ಅಂಕಿಗಳಲ್ಲೇ ಲೋಪ ಕಂಡಿತು. ಅಧ್ಯಯನ ಬಂದ ಸುದ್ದಿ ಎಲ್ಲರಿಗೂ ತಲುಪಿತು, ಹಿಂತೆಗೆದುಕೊಂಡ ಸುದ್ದಿ ತಲುಪಲಿಲ್ಲ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ.

ನನ್ನ ಕುರ್ಚಿಯಲ್ಲಿ ಕೂರುವವರಲ್ಲಿ ನಾನು ನೋಡುವುದು ಎನಾಮೆಲ್ ಸವೆತ. ಹಲ್ಲು ಜುಮ್ಮೆನ್ನುತ್ತದೆ ಅಂತ ಬರುತ್ತಾರೆ, ವಿಚಾರಿಸಿದರೆ ದಿನಾ ಬೆಳಿಗ್ಗೆ ವಿನೆಗರ್ ಅನ್ನುತ್ತಾರೆ. ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಕುಡಿಯಲೇಬೇಕು ಅಂದರೆ ಒಂದು ಚಮಚಕ್ಕೆ ದೊಡ್ಡ ಲೋಟ ನೀರು, ಊಟದ ಜೊತೆ. ಆಮೇಲೆ ಬಾಯಿ ಮುಕ್ಕಳಿಸಿ, ಕೂಡಲೇ ಬ್ರಶ್ ಮಾಡಬೇಡಿ. ಅರ್ಧ ಗಂಟೆಯಾದರೂ ಬಿಡಿ.

ಬೆಳಗಿನ ಲೋಟ
ಎಲ್ಲದಕ್ಕೂ ಬೇಡ ಅಂದರೆ ಹೇಗೆ ಡಾಕ್ಟ್ರೇ? ಶುಗರ್ ಕಡಿಮೆ ಆಗುತ್ತದೆ ಅನ್ನುವುದಾದರೂ ನಿಜ ತಾನೇ?

ಹಲ್ಲಿನ ಡಾಕ್ಟ್ರು, ದಾವಣಗೆರೆ
ಅನ್ನ, ಬ್ರೆಡ್ ತರಹದ ಊಟದ ಜೊತೆ ವಿನೆಗರ್ ತೆಗೆದುಕೊಂಡರೆ ಊಟದ ನಂತರ ಏರುವ ಶುಗರ್ ಸ್ವಲ್ಪ ತಗ್ಗುತ್ತದೆ ಅಂತ ಸಣ್ಣ ಸಣ್ಣ ಅಧ್ಯಯನಗಳು ಇವೆ. ಅದು ಮಾತ್ರೆಯ ಬದಲು ಅಲ್ಲ. ವಿನೆಗರ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ತುಂಬಾ ವರ್ಷ ಶುಗರ್ ಇರುವ ಕೆಲವರಿಗೆ ಜಠರ ಮೊದಲೇ ನಿಧಾನವಾಗಿರುತ್ತದೆ. ಅಂಥವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಶುಗರ್ ಲೆಕ್ಕ ತಪ್ಪುತ್ತದೆ. ಸಿಪ್ಪೆಬುಟ್ಟಿ ಮೇಡಂ, ಅತ್ತೆಯವರು ನೋಡುವ ಡಾಕ್ಟರನ್ನು ಕೇಳದೆ ಶುರು ಮಾಡಿಸಬೇಡಿ.

ಸಿಪ್ಪೆಬುಟ್ಟಿ, ಮೈಸೂರು
ಇನ್ಸುಲಿನ್ ಮೇಲೆಯೇ ಇದ್ದಾರೆ. ಈ ಉತ್ತರವನ್ನು ಅವರಿಗೇ ಓದಿ ಹೇಳುತ್ತೇನೆ. ತುಂಬಾ ಥ್ಯಾಂಕ್ಸ್ ಡಾಕ್ಟ್ರೇ.

ಪಾತ್ರೆ ಪಗಡೆ
ಕುಡಿಯುವ ವಿಷಯ ಆಯ್ತು, ಮನೆಗೆಲಸಕ್ಕೆ ಬರೋಣ. ಗಡಸು ನೀರಿನ ಊರಲ್ಲಿ ಇರುವವರಿಗೆ ವಿನೆಗರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಎಲೆಕ್ಟ್ರಿಕ್ ಕೆಟಲ್ ಒಳಗೆ ಬಿಳಿ ಗಾರೆ ಕಟ್ಟಿದ್ದರೆ ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಒಂದು ಕುದಿ ಬರಿಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಆಮೇಲೆ ಬರೀ ನೀರು ಕುದಿಸಿ ಚೆಲ್ಲಿ. ಶವರ್ ತೂತು ಮುಚ್ಚಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ಶವರಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಒಂದೆರಡು ಗಂಟೆಯಲ್ಲಿ ಬಿಟ್ಟುಕೊಳ್ಳುತ್ತದೆ.

ಹಣ್ಣಿನ ಬುಟ್ಟಿಗೆ ಮುತ್ತುವ ಸಣ್ಣ ನೊಣಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಲೋಟದಲ್ಲಿ ಸ್ವಲ್ಪ ಸೇಬಿನ ವಿನೆಗರ್, ಮೇಲೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ವಾಸನೆಗೆ ಬರುತ್ತವೆ, ಸೋಪು ಇರುವುದರಿಂದ ತೇಲಲಾರದೆ ಮುಳುಗುತ್ತವೆ. ಬಿಳಿ ಸಿಂಥೆಟಿಕ್ ವಿನೆಗರಿಗಿಂತ ಹಣ್ಣಿನದಕ್ಕೆ ಜಾಸ್ತಿ ಬರುತ್ತವೆ.

ಬೋರ್‌ವೆಲ್ ಬವಣೆ, ಬೆಂಗಳೂರು
ಕೆಟಲ್‌ಗೆ, ಶವರ್‌ಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ನೋಡಿ. ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ, ವಾಸನೆ ಇಲ್ಲ, ಗಾರೆಯನ್ನು ವಿನೆಗರಿಗಿಂತ ಬೇಗ ಬಿಡಿಸುತ್ತದೆ. ತಿಂಗಳುಗಟ್ಟಲೆ ಕಾದು ಮಾಡಿದ ಸೇಬಿನ ವಿನೆಗರನ್ನು ಶವರಿಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಪಾತ್ರೆ ಪಗಡೆ
ಸಿಪ್ಪೆಯಿಂದ ಮಾಡಿದ್ದಲ್ವಾ, ಖರ್ಚು ಏನಾಯ್ತು? ಆದರೂ ನಿಮ್ಮ ಮಾತು ಒಪ್ಪುತ್ತೇನೆ, ಗಾರೆಗೆ ನಿಂಬೆ ಉಪ್ಪು ಬಲವಾದದ್ದು. ಹಿತ್ತಾಳೆ, ತಾಮ್ರಕ್ಕಂತೂ ನಾನು ಹುಣಸೆಹಣ್ಣು ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಹುಳಿಪ್ರಿಯ
ನೆಲ ಒರೆಸುವ ಬಗ್ಗೆ ಯಾರೂ ಹೇಳಲಿಲ್ಲ. ಬಕೆಟ್ ನೀರಿಗೆ ಒಂದು ಕಪ್ ವಿನೆಗರ್, ಅದಕ್ಕೇ ಸ್ವಲ್ಪ ಅಡುಗೆ ಸೋಡಾ ಹಾಕಿದರೆ ನೊರೆ ಬಂದು ಕೊಳೆ ಎಲ್ಲ ಹೋಗುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು
ನೊರೆ ಬರುವುದು ಎರಡೂ ಒಂದನ್ನೊಂದು ತಿಂದುಹಾಕುವಾಗ. ಕೊನೆಗೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್. ಸೋಡಾದಲ್ಲಿ ಉಜ್ಜಿ ತೊಳೆದು, ಆಮೇಲೆ ಬೇರೆಯಾಗಿ ವಿನೆಗರ್ ಹಾಕಿದರೆ ಎರಡರಿಂದಲೂ ಕೆಲಸ ಆಗುತ್ತದೆ.

ನೆಲ ಯಾವುದು ಅನ್ನುವುದು ಮುಖ್ಯ. ಮಾರ್ಬಲ್, ಕಡಪ ಕಲ್ಲು, ಮೊಸಾಯಿಕ್, ಹಳೆ ಮನೆಗಳ ರೆಡ್ ಆಕ್ಸೈಡ್, ಇವಕ್ಕೆ ಯಾವ ಹುಳಿಯೂ ಬೇಡ. ಸುಣ್ಣದ ಅಂಶ ಇರುವ ಕಲ್ಲು, ಸಿಮೆಂಟು ಎಲ್ಲವನ್ನೂ ಆಮ್ಲ ಕೊರೆಯುತ್ತದೆ, ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಕೆಟಲಿನ ಗಾರೆ ಕರಗಿಸುವ ಕ್ರಿಯೆಯೇ ಇಲ್ಲೂ ನಡೆಯುವುದು. ವಿಟ್ರಿಫೈಡ್, ಸೆರಾಮಿಕ್ ಟೈಲ್ಸ್ ಆದರೆ ತೊಂದರೆ ಇಲ್ಲ.

ಇನ್ನೊಂದನ್ನು ಎಲ್ಲರೂ ಗಮನವಿಟ್ಟು ಓದಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಯಾವ ಕ್ಲೀನರ್ ಜೊತೆಗೂ ವಿನೆಗರ್ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಉಸಿರಾಟಕ್ಕೇ ಅಪಾಯ. ಮನೆಗೆಲಸಕ್ಕೆ ಬರುವವರಿಗೂ ಹೇಳಿಡಿ, ಎರಡೂ ಬಾಟಲಿ ಒಂದೇ ಕಡೆ ಇಡಬೇಡಿ.

ಸಿಪ್ಪೆಬುಟ್ಟಿ, ಮೈಸೂರು
ನಮ್ಮದು ರೆಡ್ ಆಕ್ಸೈಡ್ ನೆಲವೇ! ಕೇಳಿದ್ದು ಒಳ್ಳೆಯದಾಯ್ತು.

ಉದ್ದ ಜಡೆ
ತಲೆಹೊಟ್ಟಿಗೆ ಹಚ್ಚಬಹುದಾ?

ಮಲೆನಾಡ ಭರಣಿ
ನೇರವಾಗಿ ಬೇಡ ತಂಗಿ. ಹಾಗೇ ಹಚ್ಚಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಒಂದು ದೊಡ್ಡ ಚಮಚಕ್ಕೆ ದೊಡ್ಡ ಲೋಟ ನೀರು, ತಲೆಗೆ ಸ್ನಾನ ಆದ ಮೇಲೆ ಸುರಿದು, ಮತ್ತೆ ನೀರಲ್ಲಿ ತೊಳೆ. ಸೀಗೆಕಾಯಿ ಬಿಟ್ಟು ಸೋಪು ಹಚ್ಚುವವರಿಗೆ ಕೂದಲು ನಯ ಆಗುತ್ತದೆ. ಹೊಟ್ಟು ಹೋಗುತ್ತದೆ ಅಂತ ಮಾತು ಕೊಡಲಾರೆ, ಜಾಸ್ತಿ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸು.

ಗೇರುಗುಡ್ಡೆ, ಪುತ್ತೂರು
ನೀವೆಲ್ಲ ಹಿಮಾಚಲದ ಸೇಬು ತಂದು ವಿನೆಗರ್ ಮಾಡುತ್ತೀರಿ, ಸಂತೋಷ. ಆದರೆ ನಮ್ಮ ಗುಡ್ಡೆಗಳಲ್ಲಿ ಮಾರ್ಚಿಯಿಂದ ಮೇವರೆಗೆ ಗೇರುಹಣ್ಣು ಮರದಡಿ ಕೊಳೆತು ಹೋಗುತ್ತದೆ. ಬೀಜ ಹೆಕ್ಕುತ್ತಾರೆ, ಹಣ್ಣು ಬಿಸಾಡುತ್ತಾರೆ. ಸೇಬಿನ ರಸದಷ್ಟೇ ಸಿಹಿ ಅದರಲ್ಲೂ ಇದೆ, ಪುಕ್ಕಟೆ ಸಿಗುತ್ತದೆ. ಗೇರು ಸಂಶೋಧನಾ ನಿರ್ದೇಶನಾಲಯ ನಮ್ಮ ಪುತ್ತೂರಿನಲ್ಲೇ ಇದೆ, ಹಣ್ಣಿನಿಂದ ಏನೇನು ಮಾಡಬಹುದು ಅಂತ ತೋರಿಸುತ್ತಾರೆ. ಮಾಡುವವರೇ ಕಡಿಮೆ. ಪ್ರತಿ ಸೀಸನ್ನಿನಲ್ಲಿ ಆ ರಾಶಿ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹುಳಿಪ್ರಿಯ
ಗೇರುಹಣ್ಣು ಗಂಟಲು ಕೆರೆಯುತ್ತದಲ್ಲ ಸರ್?

ಗೇರುಗುಡ್ಡೆ, ಪುತ್ತೂರು
ಅದು ಟ್ಯಾನಿನ್. ಹಿಂಡಿದ ರಸಕ್ಕೆ ಆರಿದ ಗಂಜಿ ತಿಳಿ ಅಥವಾ ಸಾಬಕ್ಕಿ ಬೇಯಿಸಿದ ಗಂಜಿ ಬೆರೆಸಿ ಸ್ವಲ್ಪ ಹೊತ್ತು ಬಿಡಿ. ಟ್ಯಾನಿನ್ ಗಷ್ಟಾಗಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಯೀಸ್ಟ್ ಹಾಕಿ, ಮುಂದೆ ಮೇಷ್ಟ್ರು ಹೇಳಿದ ಹಾಗೇ. ಹಣ್ಣು ಬಿದ್ದ ದಿನವೇ ಹಿಂಡಬೇಕು, ಮರುದಿನಕ್ಕೆ ಇಟ್ಟರೆ ಆಗುವುದಿಲ್ಲ.

ಮಿಶಿಗನ್ ಮಾವಳ್ಳಿ
ಇದನ್ನು ಊರಿಗೆ ಬಂದಾಗ ನೋಡಲೇಬೇಕು. ಬೆಂಗಳೂರಿನ ಸುತ್ತ ಹಿಂದೆ ರೋಮ್ ಬ್ಯೂಟಿ ಅನ್ನುವ ಸೇಬು ಬೆಳೆಯುತ್ತಿದ್ದರು ಅಂತ ನಮ್ಮ ತಾತ ಹೇಳುತ್ತಿದ್ದರು. ಈಗ ಕಡಿಮೆ ಚಳಿಯಲ್ಲೂ ಬರುವ ಎಚ್‌ಆರ್‌ಎಂಎನ್-99 ತಳಿಯನ್ನು ಕರ್ನಾಟಕದಲ್ಲೂ ಕೆಲವರು ನೆಟ್ಟಿದ್ದಾರಂತೆ. ಯಾರಾದರೂ ಬೆಳೆದಿದ್ದೀರಾ?

ಕಾಫಿತೋಟ, ಕೊಡಗು
ಪರಿಚಯದವರು ಒಬ್ಬರು ನೆಟ್ಟಿದ್ದಾರೆ, ಗಿಡ ಇನ್ನೂ ಸಣ್ಣದು. ಹಣ್ಣು ಬಂದರೆ ಹೇಳುತ್ತೇನೆ.

ಸಿಪ್ಪೆಬುಟ್ಟಿ, ಮೈಸೂರು
ಒಂದೇ ಒಂದು ಪ್ರಶ್ನೆ ಉಳಿದಿದೆ. ಹುಳಿ ಸರಿಯಾದ ಮೇಲೂ ಹೀಗೇ ಬಟ್ಟೆ ಕಟ್ಟಿ ಇಡಬಹುದಾ? ಹಳೆಯದಾದಷ್ಟೂ ಹುಳಿ ಏರುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು.

ಕೆಮಿಸ್ಟ್ರಿ ಮೇಷ್ಟ್ರು
ಇಡಬೇಡಿ. ಆಲ್ಕೋಹಾಲ್ ಮುಗಿದ ಮೇಲೂ ಗಾಳಿ ಸಿಗುತ್ತಿದ್ದರೆ ಅದೇ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲವನ್ನೇ ತಿನ್ನಲು ಶುರು ಮಾಡುತ್ತವೆ, ಹುಳಿ ಇಳಿಯುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ರುಚಿ ನೋಡಿ. ಹೆಂಡದ ವಾಸನೆ ಪೂರ್ತಿ ಹೋಗಿ, ಹುಳಿ ಏರುವುದು ನಿಂತಿತು ಅನ್ನಿಸಿದಾಗ ಸೋಸಿ, ಸಣ್ಣ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಲೋಹದ ಮುಚ್ಚಳ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಅಥವಾ ಕಾರ್ಕ್ ಇರಲಿ. ಮದರನ್ನು ಒಂದು ಕಪ್ ವಿನೆಗರಿನಲ್ಲೇ ಮುಳುಗಿಸಿ ಬೇರೆ ಜಾಡಿಯಲ್ಲಿಡಿ. ಮುಂದಿನ ಸಲ ರಸದಲ್ಲಿ ಮಾಡಿ, ಅಥವಾ ಸಿಪ್ಪೆಗೇ ಲೀಟರಿಗೆ 100 ಗ್ರಾಂ ಸಕ್ಕರೆ ಅಳೆದು ಹಾಕಿ.

ಉದ್ದ ಜಡೆ
ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಸರ್?

ಮಲೆನಾಡ ಭರಣಿ
ಹಾಕಬಹುದು, ಚೆನ್ನಾಗಿ ಹುದುಗುತ್ತದೆ. ಬಣ್ಣ ಕಪ್ಪಾಗುತ್ತದೆ, ಸೇಬಿನ ವಾಸನೆ ಹಿಂದೆ ಸರಿಯುತ್ತದೆ. ಬೆಲ್ಲವನ್ನು ಮೊದಲು ಬಿಸಿನೀರಲ್ಲಿ ಕರಗಿಸಿ ಸೋಸು, ಮಣ್ಣು ಇರುತ್ತದೆ.